ಬೂದಿಗಡ್ಡಿ ಸಾಲಿಯ ಹತ್ತೊಂಬತ್ತು ದಿನ

೧೧ ಜುಲೈ ೧೯೮೮, ಸೋಮವಾರ

ಮತ್ತ ಸೀರಿ ನೆರಿಗಿ ತೊಯ್ಸಿಕೊಂಡೆ. ನಸಿಕಿನ್ಯಾಗ ಐದಕ್ಕ ಬ್ಯಾಡಗಿ ಬಿಟ್ಟದ್ದು. ರಾಣೆಬೆನ್ನೂರಾಗ ಬಸ್ ಬದಲಿ. ಕಡವಿನಹಳ್ಳಿಗೆ ಇಳದಾಗ ಒಂಬತ್ತು ಆಗಿತ್ತು. ಅಲ್ಲಿಂದ ಡಾಕಪ್ಪನ ಹರಗೋಲ. ತುಂಗಭದ್ರಿ ಕೆಂಪಗಾಗ್ಯಾಳ. ಕಣ್ಣ ಮುಚ್ಚಿ, ಚೀಲ ಅವಚಿಕೊಂಡು ಕುಂತಿದ್ದೆ. "ಅಕ್ಕೋರ, ಕಣ್ಣ ಮುಚ್ಚಿದ್ರ ಹೊಳಿ ಸಣ್ಣದಾಗೂದಿಲ್ರಿ" ಅಂತ ನಗತಾನ. ಬೆಪ್ಪ! ಈ ನಡುಗಡ್ಡಿಗೆ ಬಂದು ಎರಡು ವರ್ಷ ಆತು, ಹೊಳಿ ಅಂದ್ರ ಇನ್ನೂ ಎದಿ ಡವ ಡವ ಅಂತೈತಿ.

ಹತ್ತಕ್ಕ ಸಾಲಿ. ಕಸ ಹೊಡದಿತ್ತು, ನೀರ ತುಂಬಿತ್ತು, ಹುಡುಗ್ರು ಸಾಲಾಗಿ ಕುಂತಿದ್ರು. ಇವತ್ತಿನ ಪಾಳಿ ಡಾಕಪ್ಪಂದ. ನನ್ನ ದಂಡಿಗೆ ಇಳಿಸಿ, ಹರಗೋಲ ಕಟ್ಟಿ, ನನಗಿಂತ ಮೊದಲ ಬಂದು ಹಿಂದಿನ ಗ್ವಾಡಿಗೆ ಆತುಕೊಂಡು ಕುಂತಾನ! ಕೈಯಾಗ ಬಿದಿರ ಸೀಳು, ಹೊಸಾ ಹರಗೋಲ ಹೆಣಿಯಾಕತ್ತಿದ್ದ. ಹುಡುಗ್ರು ಹದಿನಾಲ್ಕರ ಮಗ್ಗಿ ಹೇಳಿದ್ರ ಅವನ ತುಟೀನೂ ಅಲ್ಲಾಡ್ತಿದ್ವು. ಹದಿನಾಲ್ಕೇಳ್ಲೆ ತೊಂಬತ್ತೆಂಟು... ಅಲ್ಲಿಗೆ ಬಂದು ನಿಂತಬಿಟ್ಟ. ಒಂದನೇತ್ತಾ ಕ್ಲಾಸಿನ ಹುಡುಗಿ ಹೊಳ್ಳಿ ನೋಡಿ ಕಿಸಕ್ಕಂತ ನಕ್ಕಳು.

೧೩ ಜುಲೈ, ಬುಧವಾರ

ಬಂದ ಹೊಸದಾಗ ಈ ಪಾಳಿ ನೋಡಿ ನನಗ ಸಿಟ್ಟು ಬಂದಿತ್ತು. ಮೂವತ್ತೊಂದು ಮನಿ. ದಿನಾ ಒಂದು ಮನಿ ಪಾಳಿ, ಅದಲಿ ಬದಲಿನೂ ಮಾಡ್ಕೋತಾರ. ಆ ಮನಿಯವರು ಕಸ ಹೊಡೀಬೇಕು, ನೀರ ತರಬೇಕು, ನನಗ ರೊಟ್ಟಿ ಪಲ್ಯ ಕೊಡಬೇಕು. ಅಷ್ಟ ಆಗಿದ್ರ ಯಾರ ಬ್ಯಾಡ ಅಂತಾರ? ಮನಿಯಿಂದ ದೊಡ್ಡವರು ಒಬ್ಬರು ಸಾಲಿ ಬಿಡೂತನಕ ಹಿಂದ ಕುಂದ್ರಬೇಕು. ನನ್ನ ಮ್ಯಾಲ ಕಣ್ಣ ಇಡಾಕ ಕುಂದ್ರಸ್ಯಾರ ಅಂತ ತಿಳದು ಹೊಳಿಯವ್ವನ ಕೂಡ ಜಗಳಾನ ತಗದಿದ್ದೆ.

ಹೊಳಿಯವ್ವ ಅಂದ್ರ ಇಲ್ಲಿ ಎಲ್ಲಾರಿಗೂ ಅಮ್ಮ. ಸಾಲಿ ಟ್ರಂಕಿನ ಕೀಲಿ ಆಕಿ ಉಡಿಯಾಗ ಇರತೈತಿ. ನನಗ ಸಾಲಿ ಬಾಜೂಕ ಇರೂ ಖೋಲಿ ಕೊಟ್ಟಾಕಿನೂ ಆಕಿನ. ಒಂದಕ್ಷರ ಓದಾಕ ಬರೂದಿಲ್ಲ. ಅವತ್ತು ನನ್ನ ಜಗಳ ಪೂರ್ತಿ ಕೇಳಿ ಅಂದ್ಲು — "ನಿಮ್ಮನ್ನ ಕಾಯಾಕ ಅಲ್ರಿ ಅಕ್ಕೋರ. ಅಪ್ಪ ಕುಂತಾನ ಅಂದ್ರ ಮಗ ಕುಂದ್ರತಾನ. ಅಷ್ಟ."

ಖರೇ ಐತಿ. ಇಪ್ಪತ್ತೇಳು ಹುಡುಗ್ರು, ಅದರಾಗ ಹದಿನಾಲ್ಕು ಹೆಣ್ಣು. ಒಬ್ಬರೂ ತಪ್ಪಸೂದಿಲ್ಲ. ಹುಡುಗ್ರನ್ನ ಯಾರರ ಕೆಲಸಕ್ಕ ಹಚ್ಚಿ ಮನ್ಯಾಗ ಇಟ್ಕೊಂಡ್ರ ಅವರಿಗೆ ಎರಡು ಪಾಳಿ ದಂಡ. ನಾಲ್ಕನೇತ್ತಾದವರು ಒಂದನೇತ್ತಾದವರಿಗೆ ಓದಸಬೇಕು, ಮೂರನೇತ್ತಾದವರು ಎರಡನೇದವರಿಗೆ. ಗಡ್ಡಿಯೊಳಗ ಸಾವಾದ್ರ ಮಾತ್ರ ಸೂಟಿ. ಇದೆಲ್ಲಾ ನಾ ಮಾಡಿದ್ದಲ್ಲ. ಬ್ಯಾಡಗಿಯ ದೊಡ್ಡ ಸಾಲ್ಯಾಗ ಎಂಟು ವರ್ಷ ಕಲಿಸಿ ಬಂದೇನಿ — ಹಿಂಗ ನಡಿಯೂ ಸಾಲಿ ನಾ ಕಂಡಿಲ್ಲ.

ಇವತ್ತು ಭೂಗೋಳ. ದ್ವೀಪ ಅಂದ್ರೇನು ಅಂತ ಕೇಳಿದೆ. ಡಾಕಪ್ಪನ ಮಗಳು ಮೈಲವ್ವ, ನಾಲ್ಕನೇತ್ತಾ, ಎದ್ದು ನಿಂತು — "ನಾಲ್ಕೂ ಕಡೆ ನೀರು ಇರೂ ಜಾಗಾ ರೀ. ಬ್ಯಾಸಗ್ಯಾಗ ಮೂರು ಕಡೆ."

೧೬ ಜುಲೈ, ಶನಿವಾರ

ಮುಂಜಾನಿ ಸಾಲಿ ಮುಗಿಸಿ ಹೊಂಟೆ. ದಾರ್ಯಾಗ ರಾಣೆಬೆನ್ನೂರ ಶಿಕ್ಷಣ ಕಚೇರಿಗೆ ಇಣುಕಿದೆ. ಕ್ಲಾರ್ಕ್ ಮಕ್ತುಮಸಾಬ ಬಾಗಲದಾಗ ಚಾ ಕುಡಿಯಾಕತ್ತಿದ್ರು. "ಬರ್ರಿ ಬರ್ರಿ, ಬಾಯಿ ಸಿಹಿ ಮಾಡ್ರಿ. ನಿಮ್ಮ ಬ್ಯಾಡಗಿ ವರ್ಗಾವಣಿ ಕಾಗದ ಸಾಹೇಬ್ರ ಟೇಬಲ್ ಮ್ಯಾಲ ಬಂದೈತಿ. ದೀಪಾವಳಿ ಒಳಗ ಆಗತೈತ್ರಿ." ಅಲ್ಲೇ ಕುಣೀಬೇಕು ಅನ್ನಿಸ್ತು. ಲೀಲಾಗ ಈಗ ಆರು ವರ್ಷ. ಎರಡು ವರ್ಷದಿಂದ ಆಕಿಗೆ ನಾನು ಶನಿವಾರದ ಅವ್ವ. ಇನ್ನ ಸಾಕು ಶಿವನ.

೧೮ ಜುಲೈ, ಸೋಮವಾರ

ಕಡವಿನಹಳ್ಳಿ ದಂಡಿಗೆ ಬಂದು ನೋಡಿದ್ರ ಹೊಳಿ ಎಲ್ಲೈತಿ ದಂಡಿ ಎಲ್ಲೈತಿ ತಿಳೀವಲ್ದು. ಗಿಡಗೋಳು ತೇಲಿ ಹೊಂಟಾವು. ಆಚೆ ಗಡ್ಡಿ ಮಬ್ಬ ಮಬ್ಬ. ಗಡ್ಡಿ ಎತ್ತರಕ್ಕೈತಿ, ಮನಿಗೋಳಿಗೆ ನೀರ ಬರೂದಿಲ್ಲ. ಆದ್ರ ಹರಗೋಲ ಹಾಕೂ ಮಾತ ಇಲ್ಲ. ಎರಡು ತಾಸು ನಿಂತೆ. ಕಚೇರಿಗೆ ಹೋದೆ. ಮಕ್ತುಮಸಾಬ ಹೇಳಿಕೊಟ್ಟಂಗ ಬರದ ಕೊಟ್ಟೆ — 'ಪ್ರವಾಹದ ನಿಮಿತ್ತ ಶಾಲೆ ಬಂದ್ ಇರುತ್ತದೆ.' ಎರಡು ವಾರಕ್ಕೊಮ್ಮೆ ಹಿಂಗ ಬರದ ಕೊಟ್ರ ಆತಂತ. ಪಗಾರಕ್ಕೂ ಏನೂ ತೊಂದ್ರಿ ಇಲ್ಲ.

೨೧ ಜುಲೈ

ಮಳಿ. ಬ್ಯಾಡಗಿ ಮನ್ಯಾಗ ಲೀಲಾನ್ನ ಎರದು ಮಲಗಿಸಿದೆ. ನಾನೂ ಮಗ್ಗಲದಾಗ ಮಲಗಿದೆ. ನಾಲ್ಕಕ್ಕ ಎದ್ದೆ! ಮಧ್ಯಾಹ್ನ ನಿದ್ದಿ ಅಂದ್ರೇನಂತ ಮರತಬಿಟ್ಟಿದ್ದೆ.

೩೦ ಜುಲೈ

ಎರಡನೇ ರಿಪೋರ್ಟ್ ಕೊಟ್ಟೆ. ಶಾಲೆ ಬಂದ್. ನಮ್ಮವರು ಮಿರ್ಚಿ ಕಟ್ಟಿಸ್ಕೊಂಡು ಬಂದಿದ್ರು. ಅಡತಿ ಅಂಗಡಿ ಮೆಣಸಿನಕಾಯಿ ಘಾಟು ಅಂಗಿಗೆ ಇರತೈತಿ, ಬಾಗಲದಾಗ ಬಂದಕೂಡಲೇ ಲೀಲಾ ಶೀನತಾಳ. ಮೂರೂ ಮಂದಿ ಕೂಡಿ ಚುರಮರಿ ತಿಂದ್ವಿ.

೬ ಆಗಸ್ಟ್

ಹೊಳಿ ಇಳಿಯಾಕತ್ತೈತಂತ. ಖರೇ ಹೇಳಬೇಕಂದ್ರ, ಇನ್ನೊಂದು ವಾರ ಇಳೀದಿದ್ರ ಚಲೋ ಇತ್ತು.

೯ ಆಗಸ್ಟ್, ಮಂಗಳವಾರ

ಎರಡು ಹಾಳಿ ಬರದು ಹರದು ಒಗದೆ. ಸಿಟ್ಟಿಗೋ ಅಂಜಿಕಿಗೋ ಗೊತ್ತಿಲ್ಲ.

ಡಾಕಪ್ಪ ಮುಂಜಾನೆ ದಾಟಿಸಿದ. ದಾಟಿ ಬರೂತನಕ ಹತ್ತೂವರಿ. ಸಾಲಿ ಕಡೆಯಿಂದ ಪದ್ಯ ಹೇಳೂ ಧ್ವನಿ ಬರಾಕತ್ತಿತ್ತು. ನಾ ಬರೂದು ಕಂಡು ಇವತ್ತ ತಗದಾರ ಅಂತ ತಿಳಕೊಂಡೆ. ಒಳಗ ಹೋದ್ರ — ಒಂದನೇತ್ತಾ ಬಲಕ್ಕ, ಎರಡನೇತ್ತಾ ಎಡಕ್ಕ, ನಡುವ ದೊಡ್ಡ ಹುಡುಗ್ರು ಓದಸಾಕತ್ಯಾರ. ಹಿಂದ ಪಾಳಿಯವರು. ನನ್ನ ಖುರ್ಚಿ ಖಾಲಿ. ಮ್ಯಾಲ ಒಂದು ಒಗದ ಅರಬಿ ಹಾಸ್ಯಾರ, ಧೂಳ ಕೂಡಬಾರದು ಅಂತ.

ಹಾಜರಿ ಪುಸ್ತಕ ತಗದೆ. ಯವ್ವಾ! ಜುಲೈ ಹದಿನೆಂಟರಿಂದ ನಿನ್ನಿತನಕ, ಹತ್ತೊಂಬತ್ತು ದಿನ, ಒಂದೂ ಬಿಟ್ಟಿಲ್ಲ. ಇಪ್ಪತ್ತೇಳು ಹುಡುಗರ ಹಾಜರಿ ಮೈಲವ್ವನ ದುಂಡ ಅಕ್ಷರದಾಗ. ದಿನಾ ಕೆಳಗ ಪಾಳಿಯವರ ಸಹಿ, ಇಲ್ಲಾ ಹೆಬ್ಬಟ್ಟು. ಮತ್ತ ಕಡೀಕ, ತಾವ ಗೀಟ ಹಾಕಿ ಒಂದು ಸಾಲು — 'ಅಕ್ಕೋರು — ಗೈರು.' ಹತ್ತೊಂಬತ್ತೂ ದಿನ. ಗೈರು, ಗೈರು, ಗೈರು.

ತಲಿ ಕೆಟ್ಟು ಮಸರಗಡಿಗಿ ಆತು. ಸಾಲಿ ಬಂದ್ ಅಂತ ನಾ ಅಲ್ಲಿ ಬರದ ಕೊಟ್ಟೇನಿ. ಇಲ್ಲಿ ಸಾಲಿ ನಡದೈತಿ, ಅಕ್ಕೋರು ಇಲ್ಲ ಅಂತ ಸರಕಾರಿ ಪುಸ್ತಕದಾಗ ಶಾಯಿಲೆ ಬರದಾರ! ರಜಾ ಹಾಕಲಾರದ ಹತ್ತೊಂಬತ್ತು ದಿನ ಮನ್ಯಾಗ ಕುಂತಾಕಿ ಅಂತ ಆತಿಲ್ಲ? ವರ್ಗಾವಣಿ ಅಲ್ಲ, ನೌಕರಿಗೇ ಸಂಚಕಾರ.

ಹೊಳಿಯವ್ವನ ಕರದು ಬಾಯಿಗೆ ಬಂದಂಗ ಅಂದೆ. "ಸರಕಾರಿ ಪುಸ್ತಕ ಮುಟ್ಟಾಕ ಯಾರ ಹೇಳಿದ್ರು ನಿಮಗ? ಗೈರು ಅಂತ ಯಾಕ ಬರಸಿದ್ರಿ? ನನ್ನ ಹೊಟ್ಟಿ ಮ್ಯಾಲ ಕಾಲ ಕೊಡಬೇಕಂತ ಮಾಡೀರೇನು?"

ಆಕಿ ಹೆದರಲಿಲ್ಲ, ಸಿಟ್ಟೂ ಆಗಲಿಲ್ಲ. "ಸಾಲಿ ನಡೀತು, ನಡದೈತಿ ಅಂತ ಬರಸಿದೆ. ನೀವ ಇರಲಿಲ್ಲ. ಇಲ್ಲದವರನ್ನ ಅದಾರ ಅಂತ ಹೆಂಗ ಬರಸೂದ್ರಿ ಅಕ್ಕೋರ?"

ಮೈಲವ್ವ ಕಂಬದ ಹಿಂದ ನಿಂತಿದ್ಲು. ಆಕಿ ಮಾರಿ ನೋಡಾಕ ಆಗಲಿಲ್ಲ.

೧೦ ಆಗಸ್ಟ್, ಬುಧವಾರ

ಪರೀಕ್ಷಾ ಮಾಡಿ ನೋಡಿದೆ. ಏನೋ ಆಟ ಆಡಿರಬೇಕು ಅಂತ ಹುಳಕ ಹುಡಕಾಕ ಹೋದೆ. ಒಂದನೇತ್ತಾದವರು ಒತ್ತಕ್ಷರ ಓದಾಕತ್ಯಾರ. ನಾನಾಗಿದ್ರ ದಸರಾ ತನಕ ಎಳೀತಿದ್ದೆ. ಮೂರನೇತ್ತಾದವರಿಗೆ ಹದಿನಾರರ ಮಗ್ಗಿ. ತಪ್ಪೂ ಅದಾವು — ಒಂದು ಪಾಠದಾಗ ರೈಲು ಬರತೈತಿ, ಯಾರೂ ರೈಲು ಹತ್ತಿಲ್ಲ, ಪಾಳಿಗೆ ಕುಂತ ಮುದುಕ ತಾನ ಒಮ್ಮೆ ರಾಣೆಬೆನ್ನೂರ ಸ್ಟೇಶನ್ನಿನ್ಯಾಗ ನೋಡಿದ್ದು ಹೇಳ್ಯಾನ. ಎಂಜಿನ್ನಿಗೆ ಹುಲ್ಲ ಹಾಕ್ತಾರ ಅಂತ ಮೂರು ಪಾಟಿ ಮ್ಯಾಲ ಬರದಾರ. ನಕ್ಕು ನಕ್ಕು ಸಾಕಾತು.

ಬಾಯಿಬಿಟ್ಟು ಹೇಳಿಲ್ಲ, ಇಲ್ಲಿ ಬರೀತೇನಿ. ಇಂಥಾ ಮಂದಿನ ನಾ ಕಂಡಿಲ್ಲ.

ಆದ್ರೂ ಪುಸ್ತಕ ಬದಲಿ ಮಾಡಬೇಕು. ಬ್ಯಾರೆ ದಾರಿ ಇಲ್ಲ.

೧೫ ಆಗಸ್ಟ್, ಸೋಮವಾರ

ಧ್ವಜ ಏರಸಿದ್ವಿ. ಇಲ್ಲಿ ಮೆಂಬರ್, ಗೌಡ ಅಂತ ಏನಿಲ್ಲ. ಅವತ್ತು ಯಾರ ಪಾಳಿ ಐತೋ ಅವರ ಹಗ್ಗ ಎಳಿಯೂದು. ಇವತ್ತು ಕೊನೀ ಮನಿ ಮಂಗಳವ್ವಂದು. ಗಂಡ ಇಲ್ಲದಾಕಿ, ಮೀನ ಮಾರಿ ಹೊಟ್ಟಿ ಹೊರಕೋತಾಳ. ಬ್ಯಾರೆ ಕಡೆ ಆಗಿದ್ರ ಶುಭಕಾರ್ಯಕ್ಕ ಹಿಂದ ಸರಸ್ತಿದ್ರು. ಇಲ್ಲಿ ಹಗ್ಗ ಆಕಿ ಕೈಯಾಗ. ಸೆರಗ ಸೊಂಟಕ್ಕ ಕಟ್ಟಿ ಜಗ್ಗಿದ್ಲು ನೋಡ್ರಿ ಅಂತೀನಿ! ಹುಡುಗ್ರು ಚಪ್ಪಾಳಿ ಹೊಡದ್ರು.

ರಾಣೆಬೆನ್ನೂರಿಂದ ಶನಿವಾರ ತಂದ ಹೊಸಾ ಹಾಜರಿ ಪುಸ್ತಕ ನನ್ನ ಖೋಲ್ಯಾಗ ಟ್ರಂಕಿನ ಕೆಳಗ ಐತಿ.

೧೬ ಆಗಸ್ಟ್, ಮಂಗಳವಾರ

ಸಾಲಿ ಬಿಟ್ಟಮ್ಯಾಲ ನಕಲ ಮಾಡಾಕ ಕುಂತೆ. ಜೂನ್ ತಿಂಗಳ ಇದ್ದದ್ದ ಇದ್ದಂಗ. ಜುಲೈ ಹದಿನೆಂಟಕ್ಕ ಬಂದು ಅಡ್ಡ ಗೀಟ ಎಳದು 'ಪ್ರವಾಹ — ಶಾಲೆ ಬಂದ್' ಅಂತ ಬರದೆ. ಶಾಯಿ ತೀರಿತು. ಮೈಲವ್ವನ್ನ ಕರದು ದೌತಿ ತರಿಸಿದೆ. ತಂದು ಇಟ್ಟು ಅಲ್ಲೇ ನಿಂತ್ಲು. ಓದಾಕ ಬರತೈತಿಲ್ಲ ಆಕಿಗೆ — ನಾನ ಕಲಿಸೇನಿ.

"ಅಕ್ಕೋರ, ನಾವು ಬಂದಿದ್ವಿಲ್ರಿ?"

"ಬಂದಿದ್ರವಾ."

"ಮತ್ತ ಬಂದ್ ಅಂತ ಬರದೀರಿ?"

"ದೊಡ್ಡವರ ಕೆಲಸ ಅದು. ನಡೀ ಮನಿಗೆ."

ಹೋದ್ಲು. ನನ್ನ ಅಕ್ಷರ ಚಂದ ಅಂತ ಬ್ಯಾಡಗ್ಯಾಗ ಎಲ್ಲಾರೂ ಹೊಗಳತಿದ್ರು. ಇವತ್ತು ಬರದದ್ದು ಚಂದ ಕಾಣವಲ್ದು.

೨೭ ಆಗಸ್ಟ್, ಶನಿವಾರ

ಕಚೇರಿ. ಮಕ್ತುಮಸಾಬ ಇವತ್ತು ಚಾ ಸುದ್ದಿ ತಗೀಲಿಲ್ಲ. ಬಾಗಲ ಮುಂದ ಮಾಡಿ ಫೈಲ್ ತೋರಿಸಿದ್ರು. ಸುತ್ತೋಲೆ ಬಂದೈತಂತ. ಎರಡು ವರ್ಷ ಸಾಲಾಗಿ ಇನ್ನೂರು ದಿನ ನಡೀಲಾರದ ಸಾಲಿ ಮುಚ್ಚಿ, ಹತ್ತಿರದ ಸಾಲಿಗೆ ಕೂಡಸೂದು. ಬೂದಿಗಡ್ಡಿದು ಹೋದ ವರ್ಷ ತುಂಬಿಲ್ಲ. ಈ ವರ್ಷ ಪ್ರವಾಹದ ಹತ್ತೊಂಬತ್ತು ದಿನ ಹೋದ್ರ ಮತ್ತ ತುಂಬೂದಿಲ್ಲ. ಮುಂದಿನ ತಿಂಗಳ ಸಾಹೇಬ್ರು ತಪಾಸಣಿಗೆ ಬರ್ತಾರ. ಆಮ್ಯಾಲ ಕೀಲಿ.

"ಹುಡುಗ್ರು ಎಲ್ಲಿ ಹೋಗಬೇಕ್ರಿ?"

"ಕಡವಿನಹಳ್ಳಿಗೆ. ಹರಗೋಲದಾಗ."

ದಿನಾ ಮುಂಜಾನೆ ಸಂಜೀಕ ಹೊಳಿ ದಾಟಿ! ಒಂದನೇತ್ತಾದ ಕೂಸುಗೋಳನ್ನ ಯಾರ ಕಳಸ್ತಾರ? ಹೆಣ್ಣುಡುಗ್ರನ್ನಂತೂ ಮುಗದಹೋತು. ಹದಿನಾಲ್ಕು ಹೆಣ್ಣುಮಕ್ಕಳು ಹುಲ್ಲು ತರಾಕ, ಮೀನು ಒಣಗಸಾಕ.

ಹಳೇ ಪುಸ್ತಕ ತೋರಿಸಿದ್ರ ಸಾಲಿ ಉಳೀತೈತಿ, ನಾ ಹೋಗ್ತೇನಿ. ಹೊಸಾದು ತೋರಿಸಿದ್ರ ನಾ ಉಳೀತೇನಿ, ಸಾಲಿ ಹೋಗತೈತಿ. ಲೆಕ್ಕ ಇಷ್ಟ ಸರಳ. ಬಿಡಸಾಕ ಬರವಲ್ದು.

೨೮ ಆಗಸ್ಟ್, ರವಿವಾರ

ನಮ್ಮವರ ಮುಂದ ಹೇಳಿದೆ. ಉಣ್ಣೂದು ಬಿಟ್ಟು ನೋಡಿದ್ರು. "ಹುಚ್ಚ ಹಿಡದೈತೇನ ನಿನಗ? ಗಾಳಿ ಬಂದಾಗ ತೂರ್ಕೋಬೇಕು. ವರ್ಗಾವಣಿ ಕೈಗೆ ಬಂದೈತಿ. ಮನಿ ನೋಡು, ಮಗಳನ್ನ ನೋಡು. ಆ ಗಡ್ಡಿ ಮಂದಿ ನಿನಗೇನಾಗಬೇಕು?"

ಏನಾಗಬೇಕು? ಅವರು ಹೇಳೂದು ತಪ್ಪಲ್ಲ. ಲೀಲಾ ನನ್ನ ಸೆರಗ ಹಿಡಕೊಂಡು ಮಲಗ್ಯಾಳ, ಸೋಮವಾರ ಬರತೈತಂತ ಆಕಿಗೆ ಗೊತ್ತಾಗತೈತಿ.

೩ ಸೆಪ್ಟೆಂಬರ್

ನಿರ್ಧಾರ ಮಾಡೇನಿ. ಹೊಸಾ ಪುಸ್ತಕ. ನಾನೇನ ದೇವರಲ್ಲ.

೨೦ ಸೆಪ್ಟೆಂಬರ್, ಮಂಗಳವಾರ

ಎಲ್ಲಾ ಬರೀತೇನಿ. ಒಂದೂ ಬಿಡಬಾರದು.

ಹನ್ನೊಂದಕ್ಕ ಸಾಹೇಬ್ರು ಬಂದ್ರು. ಬೂಟು ಕೈಯಾಗ, ಪ್ಯಾಂಟು ಮೊಣಕಾಲತನಕ. ಹಿಂದ ಮಕ್ತುಮಸಾಬ ಬ್ಯಾಗ ಹಿಡಕೊಂಡು. ಪಾಳಿ ಹೊಳಿಯವ್ವನ ಮನೀದ, ಆಕಿನ ಹಿಂದ ಕುಂತಿದ್ಲು. ಸಾಹೇಬ್ರು ಖುರ್ಚಿ ಮ್ಯಾಲ ಕುಂತು ಹಾಜರಿ ಪುಸ್ತಕ ಕೇಳಿದ್ರು. ಹೊಸಾದು ಕೊಟ್ಟೆ. ನಾಚಿಕಿಗೇಡಿ.

ಅವರು ಹಾಳಿ ತಿರವಿದ್ರು, ಗೀಟ ನೋಡಿದ್ರು, ತಲಿ ಅಲ್ಲಾಡಿಸಿದ್ರು. ಆಮ್ಯಾಲ ಪ್ರೀತೀಲೆ ಒಂದನೇತ್ತಾದ ಹುಡುಗನ ಕೇಳಿದ್ರು — "ಹೊಳಿ ಬಂದಾಗ ಭಾಳ ದಿನ ಸೂಟಿ ಇತ್ತಲ್ಲೋ, ಏನ ಮಾಡಿದ್ಯಪ್ಪ?"

"ಸೂಟಿ ಇರಲಿಲ್ರಿ. ದಿನಾ ಬಂದೇವ್ರಿ."

ಸಾಹೇಬ್ರು ನನ್ನ ನೋಡಿದ್ರು. ನಾ ಪುಸ್ತಕದ ಕಡೆ ನೋಡಿದೆ. ಆಮ್ಯಾಲ ಹಿಂದ ತಿರಗಿ — "ಏನ ಅಮ್ಮ, ಹುಡುಗ ಹಿಂಗ ಅಂತಾನ. ಸಾಲಿ ನಡದಿತ್ತೇನು?"

ಹೊಳಿಯವ್ವ ನನ್ನ ಕಡೆ ಒಮ್ಮೆ ನೋಡಿದ್ಲು. ಇಲ್ಲದವರನ್ನ ಅದಾರ ಅಂತ ಬರಸಾಕ ಒಲ್ಲೆ ಅಂದಾಕಿ. ತನ್ನ ಸಾಲಿ ಹೋಗತೈತಂತ ಗೊತ್ತಿದ್ದಾಕಿ — ಸುತ್ತೋಲೆ ಸುದ್ದಿ ನಾನ ಹೇಳಿದ್ದೆ. ಎದ್ದು ನಿಂತು, ಸೆರಗ ಸರಿಮಾಡಿಕೊಂಡು ಅಂದ್ಲು — "ಕೂಸು ಏನೋ ಅಂತೈತ್ರಿ. ನನಗ ಓದಾಕ ಬರೂದಿಲ್ಲ. ಅಕ್ಕೋರು ಹೆಂಗ ಬರದಾರ, ಹಂಗ ರೀ."

ಆಕಿ ನನ್ನ ಸಲುವಾಗಿ ಸುಳ್ಳ ಹೇಳಿದ್ಲು. ಎಪ್ಪತ್ತು ವರ್ಷದ ಮುದುಕಿ. ಹುಡುಗರೆಲ್ಲಾ ಕೇಳಾಕತ್ತಿದ್ರು.

ಆಗಲಿಲ್ಲ ನನಗ. ಖೋಲಿಗೆ ಹೋದೆ, ಹಾಸಿಗಿ ಕೆಳಗಿನ ಹಳೇ ಪುಸ್ತಕ ತಂದು ಸಾಹೇಬ್ರ ಮುಂದ ಇಟ್ಟೆ. "ಇದು ಖರೇ ಪುಸ್ತಕ ರೀ ಸರ್. ಸಾಲಿ ನಡದೈತಿ. ನಾ ಇರಲಿಲ್ಲ."

ಮಕ್ತುಮಸಾಬ "ಅಯ್ಯಯ್ಯೋ ಅಕ್ಕೋರ" ಅಂತ ಹಣಿ ಹಿಡಕೊಂಡ್ರು.

ಸಾಹೇಬ್ರು ಒಂದೊಂದ ದಿನ ನೋಡಿದ್ರು. ಸಹಿ ಮಾಡಿದವರನ್ನ ಕರಸಿದ್ರು. ಡಾಕಪ್ಪ ಬಿದಿರ ಕೈ ಒರಸ್ಕೊಂಡು ಬಂದು, ಅವರ ಎದುರಿಗೆ ಹಾಳಿ ಮ್ಯಾಲ ಸಹಿ ಮಾಡಿದ. ಮೀನ ಬುಟ್ಟಿ ಇಳಿಸಿ ಮಂಗಳವ್ವ ಬಂದು ಮಾಡಿದ್ಲು — ಹಿಂದ ಕುಂತು ಕಲತದ್ದು, ಅಕ್ಷರದ ಸುತ್ತು ಮಾತ್ರ ಸ್ವಲ್ಪ ಉದ್ದ. "ಓದಾಕ ಬರತೈತೇನು?" ಅಂತ ಕೇಳಿದ್ರು ಸಾಹೇಬ್ರು. "ಮೂರನೇತ್ತಾ ಪುಸ್ತಕದತನಕ ಬರತೈತ್ರಿ. ನಾಲ್ಕನೇದ್ದು ಈ ವರ್ಷ" ಅಂದ್ಲು.

ಸಾಹೇಬ್ರು ಪುಸ್ತಕ ಮುಚ್ಚಿದ್ರು. ಆಮ್ಯಾಲ — "ಇಪ್ಪತ್ತಾರು ವರ್ಷ ಸರ್ವಿಸ್ ಆತು ನಂದು. ಮಾಸ್ತರ ಇದ್ದೂ ನಡೀಲಾರದ ಸಾಲಿ ರಗಡ ನೋಡೇನಿ. ಮಾಸ್ತರ ಇಲ್ಲದ ನಡದದ್ದು ಇದ ಮೊದಲು."

ಹೊಂಟಾಗ ನನ್ನ ಬಾಜೂಕ ಕರದ್ರು. ಧ್ವನಿ ಸಣ್ಣ ಮಾಡಿ ಹೇಳಿದ್ರು — "ಎರಡು ಪುಸ್ತಕ ಇಟ್ಟೀರಿ. ಸಣ್ಣ ತಪ್ಪಲ್ಲ ಇದು. ಒಂದು ವಾರದಾಗ ಬರದ ವಿವರಣೆ ಕೊಡ್ರಿ. ಹಳೇ ಪುಸ್ತಕ ಹುಡುಗರ ಆಟ ಅಂತ ಒಂದು ಸಾಲು ಬರೀರಿ, ನಾ ಇಲ್ಲಿಗೆ ಮುಗಸ್ತೇನಿ. ನಿಮ್ಮ ಬ್ಯಾಡಗಿ ಆರ್ಡರ್ ಈ ಬ್ಯಾಗಿನ್ಯಾಗ ಐತಿ. ಸಹಿ ಆಗೂದಷ್ಟ ಬಾಕಿ. ನನಗೂ ಹೆಣ್ಣುಮಕ್ಕಳದಾರ ಅಕ್ಕೋರ, ನಿಮ್ಮ ಕಷ್ಟ ತಿಳೀತೈತಿ."

ಕೆಟ್ಟ ಮನಿಷಾ ಆಗಿದ್ರ ಎಷ್ಟ ಸಸಾರ ಆಗ್ತಿತ್ತು.

೨೪ ಸೆಪ್ಟೆಂಬರ್

ಬ್ಯಾಡಗಿ. ಲೀಲಾಗ ಜಡಿ ಹಾಕಿದೆ, ಬಿಚ್ಚಿದೆ, ಮತ್ತ ಹಾಕಿದೆ.

೨೭ ಸೆಪ್ಟೆಂಬರ್, ಮಂಗಳವಾರ. ಮುಂಜಾನೆ ಎಂಟು.

ಇವತ್ತು ಕಡೇ ದಿನ. ಡಾಕಪ್ಪ ಕಚೇರಿಗೆ ಮುಟ್ಟಸ್ತೇನಿ ಅಂತ ದಂಡಿ ಮ್ಯಾಲ ಕಾಯಾಕತ್ತಾನ. ಕಾಗದದಾಗ ಏನೈತಿ ಅಂತ ಅವನೂ ಕೇಳಲಿಲ್ಲ, ಹೊಳಿಯವ್ವನೂ ಕೇಳಲಿಲ್ಲ. ಗಡ್ಡಿಯೊಳಗ ಒಬ್ಬರೂ ಕೇಳಲಿಲ್ಲ. ಕೈ ಜೋಡಿಸಿ ಬೇಡಿಕೊಂಡಿದ್ರ, ಇಲ್ಲಾ ಬೈದಿದ್ರ, ನನಗ ಹಟಾ ಮಾಡಾಕರ ಬರ್ತಿತ್ತು.

ಏನ ಬರದೆ ಅಂತ ನೆನಪಿಗೆ ಇ‌ಲ್ಲಿ ನಕಲ:

'ಮಾನ್ಯರೆ, ಜುಲೈ ೧೮ರಿಂದ ಆಗಸ್ಟ್ ೮ರವರೆಗೆ ಬೂದಿಗಡ್ಡಿ ಶಾಲೆ ಹತ್ತೊಂಬತ್ತು ದಿನ ನಡೆದಿದೆ. ನಾಲ್ಕನೇ ತರಗತಿಯ ಮಕ್ಕಳು ಕಲಿಸಿದ್ದಾರೆ. ಪಾಲಕರು ದಿನಾಲು ಹಾಜರಿದ್ದು ಸಹಿ ಮಾಡಿದ್ದಾರೆ. ನಾನು ಇರಲಿಲ್ಲ. ಶಾಲೆ ಬಂದ್ ಇದೆ ಎಂದು ನಾನು ಕೊಟ್ಟ ವರದಿಗಳು ತಪ್ಪು. ಎರಡನೆಯ ಹಾಜರಿ ಪುಸ್ತಕ ನಾನೇ ಬರೆದದ್ದು, ಅದು ಸುಳ್ಳು. ಮಕ್ಕಳು ಬರೆದದ್ದು ಆಟವಲ್ಲ.'

ಕೊಟ್ಟೆ. ಡಾಕಪ್ಪ ಪ್ಲಾಸ್ಟಿಕ್ ಚೀಲದಾಗ ಸುತ್ತಿ ಅಂಗಿ ಒಳಗ ಇಟ್ಕೊಂಡ. ಈಗ ನಡುನೀರಿನ್ಯಾಗ ಇರಬೇಕು. ಅಳಾಕತ್ತೇನಿ. ಇರ್ಲಿ.

೧೨ ನವೆಂಬರ್, ಶನಿವಾರ

ಒಂದೂವರಿ ತಿಂಗಳ ಆತು ಇಲ್ಲಿ ಬರೀಲಾರದ. ದೀಪಾವಳಿ ಹೆಂಗ ಬಂತು ಹೆಂಗ ಹೋತು ಗೊತ್ತಾಗಲಿಲ್ಲ.

ಆರ್ಡರ್ ಬಂತು, ಎರಡು. ಒಂದರಾಗ ನನ್ನ ಶಿಕ್ಷೆ. ಹತ್ತೊಂಬತ್ತು ದಿನದ ಪಗಾರ ಕಟ್, ಒಂದು ಇನ್‌ಕ್ರಿಮೆಂಟ್ ಬಂದ್, ವರ್ಗಾವಣಿ ರದ್ದು. ಮೂರು ವರ್ಷ ಅರ್ಜಿ ಹಾಕೂಹಂಗಿಲ್ಲ. ಇನ್ನೊಂದು — ಬೂದಿಗಡ್ಡಿ ಕಿರಿಯ ಪ್ರಾಥಮಿಕ ಶಾಲೆ ಈಗಿದ್ದಂಗ ಮುಂದುವರಸೂದು. ಸದರಿ ಹತ್ತೊಂಬತ್ತು ದಿನ ಕೆಲಸದ ದಿನ ಅಂತ ಹಿಡಿಯೂದು. ಹಳೇ ಪುಸ್ತಕಾನೂ ವಾಪಸ್ ಕೊಟ್ರು. ಪ್ರತಿ ದಿನದ ಕೆಳಗ, ಹೆಬ್ಬಟ್ಟಿನ ಮಗ್ಗಲಕ್ಕ, ಹಸರ ಶಾಯಿಲೆ ಸಾಹೇಬ್ರ ಸಹಿ. ಹತ್ತೊಂಬತ್ತು ಸಹಿ. ಒಂದ ಹಾಕಿದ್ರ ಸಾಕಾಗಿತ್ತು.

ಮಕ್ತುಮಸಾಬ ಚಾ ತರಸಿದ್ರು. "ಅಕ್ಕೋರ, ಸಿಹಿನೂ ಐತಿ ಕಹಿನೂ ಐತಿ. ಚಾ ಅಂತೂ ಕುಡೀರಿ."

ಗಡ್ಡಿಗೆ ಸೋಮವಾರ ಹೇಳಬೇಕು. ಇವತ್ತು ಮನ್ಯಾಗ ಹೇಳಬೇಕು. ಮನೀದ ಕಠಿಣ.

೧೩ ನವೆಂಬರ್, ರವಿವಾರ

ಬೈತಾರ ಅಂತ ತಯಾರಾಗಿದ್ದೆ. ಬೈಯಲಿಲ್ಲ. "ಮೂರು ವರ್ಷ" ಅಂದ್ರು, ಅಷ್ಟ. ಆಮ್ಯಾಲ ನಾನ ಬಾಯಿಬಿಟ್ಟೆ — "ಲೀಲಾನ್ನ ಕರಕೊಂಡು ಹೋಗ್ತೇನ್ರಿ. ಅಲ್ಲೇ ಒಂದನೇತ್ತಾಕ್ಕ ಹಾಕ್ತೇನಿ. ನನ್ನ ಮಗಳು ಕಲಿಯೂದಾದ್ರ ಆ ಸಾಲ್ಯಾಗ ಕಲೀಲಿ."

"ಹೊಳಿ ದಾಟಿ?"

"ದಾಟಿ."

ಅರ್ಧ ತಾಸು ಅಂಗಳದಾಗ ಅಡ್ಡಾಡಿದ್ರು. ಒಳಗ ಬಂದು ಅಂದ್ರು — "ನಾನೂ ಬರ್ತೇನಿ ಬಿಡಾಕ. ನೋಡ್ತೇನಿ, ಎಂಥಾ ಮಂದಿ ಅದಾರ ಅವರು, ನನ್ನ ಹೇಣ್ತಿನ್ನ ಇಷ್ಟ ಮಳ್ಳ ಮಾಡ್ಯಾರ."

೧೬ ನವೆಂಬರ್, ಬುಧವಾರ

ಗಡ್ಡಿಯೊಳಗ ಯಾರೂ ಹಾರ ಹಾಕಲಿಲ್ಲ, ಭಾಷಣ ಮಾಡಲಿಲ್ಲ. ಸಾಲಿ ಉಳೀತು ಅಂತ ಹೇಳಿದೆ, ನನಗ ಏನಾತು ಅಂತಾನೂ ಹೇಳಿದೆ. ಹೊಳಿಯವ್ವ "ಹೌದೇನ್ರಿ" ಅಂದ್ಲು. ಸಂಜಿತನಕ ಖೋಲಿ ಮುಂದ ಹನ್ನೊಂದು ಮನಿ ರೊಟ್ಟಿ ಬುಟ್ಟಿ ಬಂದು ಕುಂತಿದ್ವು. ಯಾರು ಇಟ್ಟ ಹೋದ್ರು ಗೊತ್ತಿಲ್ಲ.

ನಮ್ಮವರು ಎರಡು ದಿನ ಇದ್ದು ಇವತ್ತು ಹೋದ್ರು. ನಿನ್ನೆ ಇಡೀ ದಿನ ಸಾಲ್ಯಾಗ ಹಿಂದಿನ ಗ್ವಾಡಿಗೆ ಕುಂತಿದ್ರು, ಪಾಳಿ ಇಲ್ಲದಿದ್ರೂ. ಲೀಲಾ ಹಾಜರಿ ಪುಸ್ತಕದಾಗ ಇಪ್ಪತ್ತೆಂಟನೇದಾಕಿ. ಓದಸಾಕ ಮೈಲವ್ವನ ಕಡೆ ಹಾಕೇನಿ.

೧ ಡಿಸೆಂಬರ್, ಗುರುವಾರ. ಸಂಜೀಕ.

ಲೀಲಾ ಅಂಗಳದಾಗ ಸಾಲಿ ಆಟ ಆಡಾಕತ್ತಿದ್ಲು. ಕಲ್ಲ ಇಟ್ಟು ಹುಡುಗ್ರನ್ನ ಮಾಡ್ಯಾಳ. ನಾ ಅಕ್ಕಿ ಹಸನ ಮಾಡ್ಕೋತ ಕೇಳಾಕತ್ತಿದ್ದೆ. ಒಂದೊಂದ ಹೆಸರ ಕೂಗಿದ್ಲು, ತಾನ "ಹಾಜರ್ರಿ" ಅಂದ್ಲು. ಎಲ್ಲಾ ಮುಗದಮ್ಯಾಲ ಎದ್ದು, ಹೊಳಿ ಕಡೆ ಮಾರಿ ಮಾಡಿ, ಎರಡೂ ಕೈ ಬಾಯಿಗೆ ಹಚ್ಚಿ ಒದರಿದ್ಲು — "ಅಕ್ಕೋ...ರ!" ಸುಮ್ಮನ ನಿಂತ್ಲು. ಬೆರಳ ಮಡಚಿ ಹತ್ತ ಎಣಿಸಿದ್ಲು. "ಬಂದಿಲ್ಲ" ಅಂದು ಕುಂತ್ಲು.

ಇದೇನ ಆಟನ ತಂಗಿ ಅಂದೆ.

"ಮೈಲವ್ವಕ್ಕ ಹೇಳಿಕೊಟ್ಟಾಳ. ಹೊಳಿ ಬಂದಾಗ ಹಿಂಗ ಹಾಜರಿ ತಗೋತಿದ್ರಂತ."

ಹೊಳಿಯವ್ವ ಕಟ್ಟಿ ಮ್ಯಾಲ ಇದ್ಲು. ಕೇಳಿದೆ. ಹೇಳಾಕ ಆಕಿಗೆ ಮನಸಿರಲಿಲ್ಲ, ಬಿಡಲಿಲ್ಲ ನಾನು.

"ಹೌದ್ರಿ. ಮೊದಲನೇ ದಿನ ಗೈರು ಬರಿಯಾಕ ಮೈಲವ್ವ ಒಲ್ಲೆ ಅಂದ್ಲು. ಅಕ್ಕೋರ ಹೆಸರ ಮುಂದ ಹಂಗ ಬರೀಬಾರದು ಅಂತ ಅತ್ಲು. ಹಂಗಾರ ಕೂಗಿ ನೋಡೂಣು, ಬಂದ್ರ ಬರ್ತಾರ ಅಂದೆ. ಹುಡುಗ್ರನ್ನೆಲ್ಲಾ ದಂಡಿಗೆ ಕರಕೊಂಡು ಹೋಗಿ ಕೂಗಸ್ತಿದ್ದೆ. ಹತ್ತ ಎಣಸೂದು. ಬರಲಿಲ್ಲ ಅಂದಮ್ಯಾಲ ಹೊಳ್ಳಿ ಬಂದು ಬರಿಯೂದು."

"ದಿನಾ?"

"ದಿನಾ ರೀ. ಮಳಿ ಇದ್ರ ಕಂಬಳಿ ಕೊಪ್ಪಿ ಹಾಕ್ಕೊಂಡು."

ಗೈರು ಅಂತ ಯಾಕ ಬರಸಿದ್ರಿ ಅಂತ ನಾ ಆಕಿಗೆ ಬೈದಿದ್ದೆ. ಆವಾಗ ಯಾಕ ಹೇಳಲಿಲ್ಲ ಅಂತ ಈಗ ಕೇಳಿದೆ. "ಅದರಾಗ ಹೇಳೂದೇನೈತ್ರಿ" ಅಂದ್ಲು.

ಹತ್ತೊಂಬತ್ತು ಮುಂಜಾನಿ. ಇಪ್ಪತ್ತೇಳು ಹುಡುಗ್ರು ಆ ಮಳಿಯಾಗ ಹೊಳಿ ದಂಡಿಗೆ ನಿಂತು ನನ್ನ ಕೂಗ್ಯಾರ, ನಿಂತು ಹತ್ತ ಎಣಿಸ್ಯಾರ. ನಾನು ಆವಾಗ ಬ್ಯಾಡಗ್ಯಾಗ, ಇನ್ನೊಂದು ವಾರ ಹೊಳಿ ಇಳಿಯೂದು ಬ್ಯಾಡ ಅಂತ —